ಗಾಲಿಕುರ್ಚಿ ವ್ಯಾನ್ ಏರುವುದು ಹೇಗೆ?

ಮಕ್ಕಳೇ, ನಿಮ್ಮ ಶಾಲೆಯಿಂದ ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟು ನೋಡಲು ಹೊರಟಿದ್ದೀರಿ ಎಂದುಕೊಳ್ಳಿ. ಶಾಲೆಯ ಮುಂದೆ ವ್ಯಾನ್ ಬಂದು ನಿಂತಿದೆ. ಬಾಗಿಲು ತೆರೆದದ್ದೇ ತಡ, ಎಲ್ಲರೂ ಹತ್ತಿ ಕಿಟಕಿ ಪಕ್ಕದ ಜಾಗಕ್ಕಾಗಿ ಜಗಳ ಶುರುಮಾಡಿದ್ದೀರಿ. ನಿಮ್ಮ ಗೆಳತಿಯೊಬ್ಬಳು ಮಾತ್ರ ಕೆಳಗೇ ಉಳಿದಿದ್ದಾಳೆ. ಅವಳು ಗಾಲಿಕುರ್ಚಿಯಲ್ಲಿ ಕುಳಿತು ಓಡಾಡುವವಳು.

ಈಗ ಏನಾಗುತ್ತದೆ? ಸಾಮಾನ್ಯವಾಗಿ ಇಬ್ಬರು ದೊಡ್ಡವರು ಬಂದು, ಒಬ್ಬರು ಕಂಕುಳಿಗೆ, ಇನ್ನೊಬ್ಬರು ಮೊಣಕಾಲಿಗೆ ಕೈಹಾಕಿ ಅವಳನ್ನು ಎತ್ತಿ ಒಳಗೆ ಕೂರಿಸುತ್ತಾರೆ. ಕುರ್ಚಿಯನ್ನು ಮಡಚಿ ಮೇಲೆ ಕಟ್ಟುತ್ತಾರೆ. ಎತ್ತುವವರ ಸೊಂಟ ಹಿಡಿಯುತ್ತದೆ, ಕೈ ಜಾರಿದರೆ ಹುಡುಗಿ ಬೀಳುತ್ತಾಳೆ. ಹನ್ನೆರಡು ವರ್ಷದ ಹುಡುಗಿಗೆ ಎಲ್ಲರ ಮುಂದೆ ಹೀಗೆ ಮೂಟೆಯಂತೆ ಏರಿಸಿಕೊಳ್ಳುವುದು ಇಷ್ಟವಾಗುತ್ತದೆಯೇ? ಎರಡು ಸಲ ಹೀಗಾದರೆ ಮೂರನೆಯ ಸಲ ಅವಳೇ "ನಾನು ಬರೋದಿಲ್ಲ" ಎನ್ನುತ್ತಾಳೆ. ಪ್ರವಾಸದ ಮಾತು ಬಿಡಿ, ದಿನವೂ ಶಾಲೆಗೆ ಬರುವುದೇ ಇದರಿಂದ ನಿಂತುಹೋಗಬಹುದು.

ಅವಳಿಗೆ ಅಡ್ಡವಾಗಿರುವುದು ಏನು ಎಂದು ಟೇಪು ಹಿಡಿದು ಅಳೆದು ನೋಡೋಣ. ವ್ಯಾನಿನ ನೆಲ ಭೂಮಿಯಿಂದ ಸುಮಾರು 60 ಸೆಂಟಿಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಅಡ್ಡಿ ಇರುವುದು ಅಷ್ಟೇ! ಈ 60 ಸೆಂಟಿಮೀಟರನ್ನು ದಾಟಿಸುವ ದಾರಿ ಹುಡುಕಿದರೆ ಅರ್ಧ ಕೆಲಸ ಮುಗಿದಂತೆ. ಉಳಿದ ಅರ್ಧ ಯಾವುದು ಎಂಬುದನ್ನು ಆಮೇಲೆ ನೋಡೋಣ.

ಭಾರವಾದದ್ದನ್ನು ಮೇಲೇರಿಸುವ ಉಪಾಯ ನಿಮ್ಮ ಊರಿನವರಿಗೆ ಹೊಸದಲ್ಲ. ಎಣ್ಣೆಯ ಡ್ರಮ್ಮನ್ನು ಟ್ರೇಲರಿಗೆ ಹೇರುವಾಗ ಯಾರೂ ಅದನ್ನು ನೇರವಾಗಿ ಎತ್ತುವುದಿಲ್ಲ. ಎರಡು ಹಲಗೆಗಳನ್ನು ಓರೆಯಾಗಿ ಇಟ್ಟು ಉರುಳಿಸುತ್ತಾರೆ. ಇದೇ ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಬರುವ ಇಳಿಜಾರು ತಲ. ಇದು ಒಂದು ಸರಳ ಯಂತ್ರ.

ಇದರ ಲೆಕ್ಕ ಸುಲಭ. ಗೆಳತಿಯ ತೂಕ 30 ಕಿಲೋ, ಕುರ್ಚಿಯದು 20 ಕಿಲೋ, ಒಟ್ಟು 50 ಕಿಲೋ ಆಗಲಿ. ನೇರವಾಗಿ ಎತ್ತಿದರೆ ಪೂರ್ತಿ 50 ಕಿಲೋ ಭಾರ ಕೈಗೆ ಬೀಳುತ್ತದೆ. 240 ಸೆಂಟಿಮೀಟರ್ ಉದ್ದದ ಹಲಗೆ ಇಟ್ಟರೋ? ಹಲಗೆಯ ಉದ್ದ ಎತ್ತರದ 4 ಪಟ್ಟು. ಆದ್ದರಿಂದ ತಳ್ಳಲು ಬೇಕಾದ ಬಲ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹನ್ನೆರಡೂವರೆ ಕಿಲೋ ಎತ್ತಲು ಬೇಕಾಗುವಷ್ಟು ಬಲ ಸಾಕು (ಘರ್ಷಣೆಗಾಗಿ ಸ್ವಲ್ಪ ಹೆಚ್ಚು ಸೇರಿಸಿಕೊಳ್ಳಿ). ಹಾಗೆಂದು ಏನೂ ಪುಕ್ಕಟೆ ಸಿಗಲಿಲ್ಲ. ಬಲ ಕಡಿಮೆಯಾಯಿತು, ತಳ್ಳಬೇಕಾದ ದೂರ ನಾಲ್ಕು ಪಟ್ಟು ಆಯಿತು.

ಆದರೆ ಗಾಲಿಕುರ್ಚಿಯಲ್ಲಿ ಕುಳಿತವರು ಬೇರೆಯವರ ನೆರವಿಲ್ಲದೆ ಏರಬೇಕಾದರೆ ಇಷ್ಟು ಕಡಿದಾದ ಇಳಿಜಾರು ಆಗದು. ಅದಕ್ಕೆಂದು ಕಟ್ಟಡಗಳಲ್ಲಿ ಪಾಲಿಸುವ ಅಳತೆಯೊಂದಿದೆ: 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ನಿಮ್ಮ ಶಾಲೆಯ ಜಗಲಿಗೆ ಕಟ್ಟಿರುವ ಇಳಿಜಾರು ದಾರಿ ಹೀಗಿದೆಯೇ? ಅಳೆದು ನೋಡಿ. ಈ ಲೆಕ್ಕದಲ್ಲಿ ನಮ್ಮ ವ್ಯಾನಿಗೆ 720 ಸೆಂಟಿಮೀಟರ್, ಎಂದರೆ 7 ಮೀಟರಿಗಿಂತ ಉದ್ದದ ಹಲಗೆ ಬೇಕು. ಹಲಗೆ ವ್ಯಾನಿಗಿಂತಲೂ ಉದ್ದವಾಯಿತು! ಅದನ್ನು ಎಲ್ಲಿ ಮಡಚಿ ಇಡುವುದು?

ಇಲ್ಲಿ ಮೂಡಲಗಿಯ ದನದ ಸಂತೆಯನ್ನು ನೆನೆಯೋಣ. ಸಂತೆಗಳಲ್ಲಿ ಎಮ್ಮೆಯನ್ನು ವಾಹನಕ್ಕೆ ಹತ್ತಿಸುವವರು ಒಂದು ಮಣ್ಣಿನ ದಿಬ್ಬ ಹುಡುಕುತ್ತಾರೆ. ವಾಹನವನ್ನು ಹಿಂದಕ್ಕೆ ತಂದು ಅದಕ್ಕೆ ತಾಗಿಸಿ ನಿಲ್ಲಿಸುತ್ತಾರೆ. ದಿಬ್ಬ ಮತ್ತು ವಾಹನದ ನೆಲ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುವುದರಿಂದ ಎಮ್ಮೆ ನಡೆದುಕೊಂಡೇ ಒಳಗೆ ಹೋಗುತ್ತದೆ. ಹಲಗೆಯನ್ನು ಉದ್ದ ಮಾಡಲು ಆಗದಿದ್ದರೆ ಎತ್ತರವನ್ನೇ ಕಡಿಮೆ ಮಾಡುವ ಉಪಾಯವಿದು. ಎಮ್ಮೆಯ ಉದಾಹರಣೆ ಕೊಟ್ಟೆನೆಂದು ನಿಮ್ಮ ಗೆಳತಿ ಬೇಸರಿಸದಿರಲಿ. ಉಪಾಯ ಮಾತ್ರ ಒಳ್ಳೆಯದು.

ನಿಮ್ಮ ಶಾಲೆಯ ಜಗಲಿ 45 ಸೆಂಟಿಮೀಟರ್ ಎತ್ತರವಿದೆ, ಅದಕ್ಕೆ ಸರಿಯಾದ ಇಳಿಜಾರು ದಾರಿಯೂ ಇದೆ ಎಂದುಕೊಳ್ಳಿ. ಗೆಳತಿ ತಾನೇ ಗಾಲಿ ತಿರುಗಿಸುತ್ತ ಜಗಲಿ ಏರುತ್ತಾಳೆ. ವ್ಯಾನ್ ತನ್ನ ಹಿಂಬದಿಯನ್ನು ಜಗಲಿಯತ್ತ ಮಾಡಿ ನಿಲ್ಲುತ್ತದೆ. ಉಳಿದ ಎತ್ತರ ಎಷ್ಟು? 60ರಲ್ಲಿ 45 ಕಳೆದರೆ 15. ಹದಿನೈದನ್ನು ಹನ್ನೆರಡರಿಂದ ಗುಣಿಸಿ: 180. ಕೇವಲ 180 ಸೆಂಟಿಮೀಟರ್ ಹಲಗೆ ಸಾಕು! ಅದು ವ್ಯಾನಿನ ಒಳಗೇ ಹಿಡಿಯುತ್ತದೆ.

ಹಲಗೆ ಎಂದರೆ ಬರಿಯ ಮರದ ತುಂಡಲ್ಲ. ಅದನ್ನು ಹೆಚ್ಚಾಗಿ ಅಲ್ಯುಮಿನಿಯಂನಿಂದ ಮಾಡುತ್ತಾರೆ, ಏಕೆಂದರೆ ಒಂದೇ ಗಾತ್ರದ ಕಬ್ಬಿಣಕ್ಕೆ ಹೋಲಿಸಿದರೆ ಅದರ ತೂಕ ಸುಮಾರು ಮೂರನೆಯ ಒಂದು ಭಾಗ. ಮೇಲ್ಮೈ ಒರಟಾಗಿರಬೇಕು, ನುಣುಪಾದರೆ ಮಳೆಯಲ್ಲಿ ಗಾಲಿ ಜಾರುತ್ತದೆ. ಎರಡೂ ಅಂಚಿಗೆ ತಡೆಪಟ್ಟಿ ಬೇಕು. ಮೇಲ್ತುದಿ ವ್ಯಾನಿಗೆ ಕೊಕ್ಕೆಯಿಂದ ಸಿಕ್ಕಿಕೊಂಡಿರಬೇಕು. ಕುರ್ಚಿಯ ಭಾರ ಬಿದ್ದೊಡನೆ ವ್ಯಾನಿನ ಸ್ಪ್ರಿಂಗ್ ಕುಗ್ಗಿ ಅದರ ನೆಲ ಸ್ವಲ್ಪ ಕೆಳಗಿಳಿಯುತ್ತದೆ. ಕೊಕ್ಕೆ ಇಲ್ಲದಿದ್ದರೆ ಆಗ ಹಲಗೆ ಜಾರಿಬಿಡಬಹುದು. ಕಡಿದಾದ ಹಲಗೆಯಲ್ಲಿ ನೆರವಿಗೆ ನಿಲ್ಲುವ ದೊಡ್ಡವರು ಯಾವಾಗಲೂ ಇಳಿಜಾರಿನ ಕೆಳಬದಿಯಲ್ಲೇ ಇರಬೇಕು. ಅಂದರೆ ಏರುವಾಗ ಕುರ್ಚಿ ಮುಂದುಮುಂದಾಗಿ, ಇಳಿಯುವಾಗ ಹಿಂದುಹಿಂದಾಗಿ. ಹಾಗೆ ಮಾಡಿದರೆ ಕುಳಿತವರು ಮುಂದಕ್ಕೆ ಮುಗ್ಗರಿಸುವುದಿಲ್ಲ.

ಜಗಲಿ ಇಲ್ಲದ ಕಡೆ? ಅಲ್ಲಿ ಎತ್ತುಯಂತ ಬೇಕು. ಮರಳು ತುಂಬಿದ ಟ್ರೇಲರ್ ತಾನಾಗಿ ಮೇಲೆದ್ದು ಹಿಂದಕ್ಕೆ ಸುರಿಯುವುದನ್ನು ನೋಡಿದ್ದೀರಲ್ಲ? ಎಣ್ಣೆಯನ್ನು ಪಂಪಿನಿಂದ ಕೊಳವೆಗೆ ಒತ್ತಿ, ಆ ಒತ್ತಡದಿಂದ ದಂಡವನ್ನು ಮೇಲಕ್ಕೆ ನೂಕುವ ಹೈಡ್ರಾಲಿಕ್ ವ್ಯವಸ್ಥೆ ಅದು. ಅದೇ ವ್ಯವಸ್ಥೆಗೆ ಒಂದು ಚಪ್ಪಟೆ ತಟ್ಟೆ ಜೋಡಿಸಿದರೆ ಗಾಲಿಕುರ್ಚಿಯನ್ನು ಮಟ್ಟವಾಗಿ ಎತ್ತಬಹುದು. ಅಮೆರಿಕದ ರಾಲ್ಫ್ ಬ್ರಾನ್ (1940–2013) ಎಂಬವರಿಗೆ ಚಿಕ್ಕಂದಿನಲ್ಲೇ ಸ್ನಾಯುಗಳು ಸೊರಗುವ ಕಾಯಿಲೆ ಇತ್ತು. ಅವರು ಹಳೆಯ ಅಂಚೆ ಜೀಪೊಂದಕ್ಕೆ ಇಂಥ ಎತ್ತುಯಂತ ಜೋಡಿಸಿಕೊಂಡು ತಾವೇ ಓಡಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. 1970ರಲ್ಲಿ ದೊಡ್ಡ ವ್ಯಾನಿಗೂ ಅದನ್ನು ಅಳವಡಿಸಿದರು. ನೋಡಿದವರು ನಮಗೂ ಬೇಕೆಂದರು. ಅದೇ ಮುಂದೆ ದೊಡ್ಡ ಕಾರ್ಖಾನೆಯಾಯಿತು. ನಮ್ಮ ಬೆಂಗಳೂರಿನಲ್ಲಿಯೂ 2013ರಲ್ಲಿ ಕಿಕ್‌ಸ್ಟಾರ್ಟ್ ಎಂಬ ಸಂಸ್ಥೆ ಅಂಗವಿಕಲರಿಗಾಗಿ ಮಾರ್ಪಡಿಸಿದ ಬಾಡಿಗೆ ಕಾರುಗಳನ್ನು ಓಡಿಸಲು ಆರಂಭಿಸಿತು.

ಈಗ ಉಳಿದ ಅರ್ಧಕ್ಕೆ ಬರೋಣ. ಕುರ್ಚಿ ಒಳಗೆ ಬಂತು. ಬಾಗಿಲು ಹಾಕಿ ಹೊರಡಬಹುದೇ? ಖಂಡಿತ ಕೂಡದು! ನನ್ನ ಮಟ್ಟಿಗೆ ಹತ್ತಿಸುವುದಕ್ಕಿಂತ ಮುಖ್ಯವಾದ ಕೆಲಸ ಇನ್ನು ಮುಂದೆ ಇದೆ. ಬಹಳ ಜನ ಮರೆಯುವುದೂ ಇದನ್ನೇ.

ಬಸ್ಸಿನಲ್ಲಿ ನಿಂತಿರುವಾಗ ಚಾಲಕ ಬ್ರೇಕ್ ಹಾಕಿದರೆ ನೀವು ಮುಂದಕ್ಕೆ ವಾಲುತ್ತೀರಿ. ಬಸ್ಸು ನಿಂತರೂ ನಿಮ್ಮ ದೇಹ ಅದೇ ವೇಗದಲ್ಲಿ ಹೋಗುತ್ತಿರುತ್ತದೆ. ಇದೇ ಜಡತ್ವ. ವ್ಯಾನ್ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದೆ ಎನ್ನಿ. ಅಂದರೆ ಸೆಕೆಂಡಿಗೆ 10 ಮೀಟರ್. ಕಬ್ಬಿನ ಹಂಗಾಮಿನಲ್ಲಿ ತಿರುವಿನಲ್ಲಿ ನಿಂತ ಟ್ರೇಲರ್ ಕಂಡು ಚಾಲಕ 1 ಸೆಕೆಂಡಿನಲ್ಲಿ ವ್ಯಾನ್ ನಿಲ್ಲಿಸಿದರೆ, ಕುರ್ಚಿ ಮತ್ತು ಗೆಳತಿಯನ್ನು ಹಿಡಿದಿಡಲು ಅವರ ತೂಕದಷ್ಟೇ, ಎಂದರೆ 50 ಕಿಲೋ ಭಾರದಷ್ಟು ಬಲ ಬೇಕು. ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ ಅದರ ಹತ್ತು ಪಟ್ಟು: 500 ಕಿಲೋ! ಪಕ್ಕದಲ್ಲಿ ಕುಳಿತವರು ಕೈಯಿಂದ ಹಿಡಿದಿಡಲು ಸಾಧ್ಯವೇ? ಕುರ್ಚಿಯ ಬ್ರೇಕೂ ಸಾಲದು. ಅದು ಗಾಲಿ ತಿರುಗದಂತೆ ತಡೆಯುತ್ತದೆಯೇ ಹೊರತು ಕುರ್ಚಿ ಜಾರುವುದನ್ನು, ಮಗುಚುವುದನ್ನು ತಡೆಯಲಾರದು.

ಆದ್ದರಿಂದ ಕುರ್ಚಿ ವಾಹನದ ಮುಂದಕ್ಕೇ ಮುಖಮಾಡಿರಬೇಕು. ಮುಂದೆ ಎರಡು, ಹಿಂದೆ ಎರಡು ಬಲವಾದ ಪಟ್ಟಿಗಳು ಅದನ್ನು ವ್ಯಾನಿನ ನೆಲಕ್ಕೆ ಬಿಗಿಯಬೇಕು. ಪಟ್ಟಿ ಕಟ್ಟುವುದು ಕುರ್ಚಿಯ ಗಟ್ಟಿ ಚೌಕಟ್ಟಿಗೆ, ಗಾಲಿಗಲ್ಲ. ಗೆಳತಿಗೆ ಬೇರೆಯೇ ಸೀಟ್ ಬೆಲ್ಟ್ ಬೇಕು. ಅದರ ಬುಡ ವಾಹನಕ್ಕೆ ಸೇರಿರಬೇಕು. ಅದೂ ಸೊಂಟದ ಮೂಳೆಯ ಮೇಲೆ ಮತ್ತು ಹೆಗಲ ಮೇಲೆ ಹಾದುಹೋಗಬೇಕು, ಹೊಟ್ಟೆಯ ಮೇಲಲ್ಲ. ಕುರ್ಚಿ ಇಡುವ ಜಾಗ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಇದ್ದರೆ ಕುಲುಕಾಟ ಕಡಿಮೆ. ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತು ಹಾರಿಬಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಇದೆಲ್ಲ ಮಾಡಿಸಬಹುದೇ ಎಂದು ನೀವು ಕೇಳಬಹುದು. ಹಲಗೆಯ ಮಟ್ಟಿಗೆ ಆಗಬಹುದು. ನೆಲಕ್ಕೆ ಜೋಡಿಸುವ ಕೊಂಡಿಗಳು ಮಾತ್ರ ಬಲ ಪರೀಕ್ಷೆಯಾದವೇ ಆಗಿರಬೇಕು, ತಿಳಿದ ಎಂಜಿನಿಯರ್ ಅವುಗಳ ಜಾಗ ಗುರುತಿಸಬೇಕು. ತೆಳು ತಗಡಿಗೆ ಬೆಸೆದ ಕೊಂಡಿ ಡಿಕ್ಕಿಯಲ್ಲಿ ತಗಡಿನ ಸಮೇತ ಕಿತ್ತು ಬರುತ್ತದೆ. ಅಲ್ಲದೆ ಮೋಟಾರು ವಾಹನ ಕಾಯ್ದೆಯಂತೆ ವಾಹನದ ಮೂಲ ರಚನೆ ಬದಲಿಸಲು ಸಾರಿಗೆ ಅಧಿಕಾರಿಗಳ ಒಪ್ಪಿಗೆ ಬೇಕು. ಗೋಕಾಕದಲ್ಲೇ ಆ ಕಚೇರಿ ಇದೆ. ಅಲ್ಲಿನ ವಾಹನಗಳ ಮೇಲೆ 'ಕೆಎ 49' ಎಂದು ಬರೆದಿರುವುದನ್ನು ನೋಡಿರುತ್ತೀರಿ.

ಅಂಗವಿಕಲತೆ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು 2016ರ ಕಾಯ್ದೆ ಕೊಟ್ಟಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ವಲಯಗಳಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿವೆ. ಇಂಥ ಮಕ್ಕಳ ಪ್ರಯಾಣದ ನೆರವಿನ ಬಗ್ಗೆ ನಿಮ್ಮ ಗುರುಗಳು ಅಲ್ಲಿ ವಿಚಾರಿಸಬಹುದು.

ಮಾಡಿ ನೋಡಿ: ಗೋಕಾಕದ ಮರದ ಆಟಿಕೆ ಗಾಡಿ ಅಥವಾ ಗಾಲಿ ಇರುವ ಯಾವುದೇ ಆಟಿಕೆ ತೆಗೆದುಕೊಳ್ಳಿ. ಅದಕ್ಕೆ ಒಂದು ರಬ್ಬರ್ ಬ್ಯಾಂಡ್ ಕಟ್ಟಿ. ಮೊದಲು ಗಾಡಿಯನ್ನು ನೇರವಾಗಿ ಮೇಲೆತ್ತಿ, ರಬ್ಬರ್ ಎಷ್ಟು ಉದ್ದ ಹಿಗ್ಗಿತೆಂದು ಅಳತೆಪಟ್ಟಿಯಿಂದ ನೋಡಿ. ಬಳಿಕ ಐದು ಪುಸ್ತಕಗಳ ಮೇಲೆ ಹಲಗೆಯ ಒಂದು ತುದಿ ಇಟ್ಟು, ಅದರ ಮೇಲೆ ನಿಧಾನವಾಗಿ ಎಳೆದು ಮತ್ತೆ ಅಳೆಯಿರಿ. ಒಂದೊಂದೇ ಪುಸ್ತಕ ತೆಗೆಯುತ್ತ ಹೋಗಿ, ಪ್ರತಿ ಸಲದ ಅಳತೆಯನ್ನೂ ಪಟ್ಟಿ ಮಾಡಿ. ಆಮೇಲೆ ನಿಮ್ಮ ಶಾಲೆಯ ಜಗಲಿಯ ಎತ್ತರ, ಇಳಿಜಾರು ದಾರಿಯ ಉದ್ದ, ಊರಿಗೆ ಬರುವ ವ್ಯಾನಿನ ನೆಲದ ಎತ್ತರ ಮತ್ತು ಅದರ ಹಿಂಬಾಗಿಲಿನ ಅಗಲ ಅಳೆಯಿರಿ. ಜಗಲಿಯಿಂದ ವ್ಯಾನಿಗೆ ಎಷ್ಟು ಉದ್ದದ ಹಲಗೆ ಬೇಕಾಗುತ್ತದೆ?