ವಧೆಗೆ ಒಯ್ಯುವ ಜಾನುವಾರುಗಳ ಸಂಕಟ: ಅದನ್ನು ತಗ್ಗಿಸುವಲ್ಲಿ ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗಾಗಿ)

ಪ್ರತಿ ವರ್ಷ ಬಕ್ರೀದ್ ಹಬ್ಬ ಸಮೀಪಿಸಿದಂತೆ ಪಂಚಾಯಿತಿ ಕಚೇರಿಗೆ ಎರಡು ಬಗೆಯ ಪ್ರಶ್ನೆಗಳು ಬರುತ್ತವೆ. ಹಲಾಲ್ ವಿಧಾನದಲ್ಲಿ ಪ್ರಾಣಿಗೆ ಎಷ್ಟು ನೋವಾಗುತ್ತದೆ ಎಂಬುದು ಒಂದು. ಈ ವಿಷಯದಲ್ಲಿ ಪಂಚಾಯಿತಿ ಏನು ಮಾಡಬಲ್ಲದು ಎಂಬುದು ಇನ್ನೊಂದು. ಮೊದಲ ಪ್ರಶ್ನೆಯನ್ನು ಕುರಿತು ವಾದಗಳು ನಡೆಯುತ್ತವೆ. ಎರಡನೆಯದು ಹಾಗೆಯೇ ಉಳಿದುಹೋಗುತ್ತದೆ. ಎರಡಕ್ಕೂ ತಿಳಿದಷ್ಟು ಉತ್ತರ ನೀಡುವುದು ಈ ಲೇಖನದ ಉದ್ದೇಶ.

ಮೊದಲು ಕಾನೂನಿನ ಸ್ಥಿತಿಯನ್ನು ಸ್ಪಷ್ಟಪಡಿಸುವುದು ಸೂಕ್ತ. ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ, 2020ರ ಪ್ರಕಾರ ಹಸು, ಕರು, ಗೂಳಿ, ಎತ್ತು ಹಾಗೂ 13 ವರ್ಷದೊಳಗಿನ ಎಮ್ಮೆ, ಕೋಣಗಳ ವಧೆಗೆ ನಿಷೇಧವಿದೆ. 13 ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಸಕ್ಷಮ ಪ್ರಾಧಿಕಾರದ ಪ್ರಮಾಣಪತ್ರ ಪಡೆದು ಮಾತ್ರ ವಧಿಸಬಹುದು. ಆದ್ದರಿಂದ ನಮ್ಮ ರಾಜ್ಯದ ಮಟ್ಟಿಗೆ ಈ ಚರ್ಚೆ ಮುಖ್ಯವಾಗಿ ಮುದಿ ಎಮ್ಮೆ, ಕೋಣಗಳಿಗೆ ಹಾಗೂ ಕುರಿ, ಮೇಕೆಗಳಿಗೆ ಸಂಬಂಧಿಸಿದ್ದು.

ಒಂದು ಸಂತೆಯ ದಿನ

ನಾನು ಸೇವೆಗೆ ಸೇರಿದ ಹೊಸತರಲ್ಲಿ ನಮ್ಮ ವ್ಯಾಪ್ತಿಯ ದನದ ಸಂತೆಯ ಆವರಣಕ್ಕೆ ಸುತ್ತುಗೋಡೆ ಮತ್ತು ನೀರಿನ ತೊಟ್ಟಿಯ ಅಂದಾಜು ಪಟ್ಟಿ ಸಿದ್ಧವಾಯಿತು. ಅದರಲ್ಲಿ ಲಾರಿಗೆ ಜಾನುವಾರು ಹತ್ತಿಸುವ ಇಳಿಜಾರು ದಿಬ್ಬವೂ ಇತ್ತು. ಅನುದಾನ ಸಾಲದೆ ಬಂದಾಗ ಆ ಬಾಬನ್ನು ಕೈಬಿಟ್ಟವನು ನಾನೇ. ಅದು ಅಷ್ಟು ಅಗತ್ಯವೆಂದು ಅಂದು ನನಗೆ ತೋರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ಮುದಿ ಎಮ್ಮೆ ಹಲಗೆಯ ಮೇಲೆ ಕಾಲಿಡಲು ಒಪ್ಪದೆ ನಿಂತಿತು. ಬಾಲ ತಿರುಚಿದರು, ಕೋಲಿನಿಂದ ತಿವಿದರು. ಅದು ಒಮ್ಮೆಲೇ ನುಗ್ಗಿ, ಹಲಗೆ ಜಾರಿ, ಮುಂಗಾಲು ಮುರಿದುಕೊಂಡು ಬಿದ್ದಿತು. ಪಶು ವೈದ್ಯಾಧಿಕಾರಿಗಳು ಬೇರೊಂದು ಊರಿನಿಂದ ಬರುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಅಷ್ಟೂ ಹೊತ್ತು ಅದು ಬಿಸಿಲಿನಲ್ಲಿಯೇ ಇತ್ತು. ಮಾರಲು ತಂದ ರೈತರಿಗೆ ಬಿಡಿಗಾಸೂ ದಕ್ಕಲಿಲ್ಲ. ಪಕ್ಕದಲ್ಲಿದ್ದ ವಯಸ್ಸಾದ ಮಾಂಸ ವ್ಯಾಪಾರಿಯೊಬ್ಬರು, "ಸಾಹೇಬರೇ, ಹೆದರಿದ ಎಮ್ಮೆಯ ಮಾಂಸ ಸಂಜೆಯವರೆಗೂ ಉಳಿಯುವುದಿಲ್ಲ" ಎಂದರು. ಆ ಮಾತಿನ ಹಿಂದಿನ ವಿಜ್ಞಾನವನ್ನು ಆನಂತರ ಓದಿ ತಿಳಿದುಕೊಂಡೆ.

ಭಯವು ದೇಹದಲ್ಲಿ ಮಾಡುವ ಕೆಲಸ

ಪ್ರಾಣಿ ಹೆದರಿದಾಗ ಅದರ ರಕ್ತದಲ್ಲಿ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸದೂತಗಳು ಏರುತ್ತವೆ. ಎದೆ ಬಡಿತ ಹೆಚ್ಚುತ್ತದೆ. ಸ್ನಾಯುಗಳಲ್ಲಿ ಶೇಖರವಾಗಿರುವ ಗ್ಲೈಕೋಜನ್ ಎಂಬ ಶಕ್ತಿಯ ದಾಸ್ತಾನು ಖರ್ಚಾಗುತ್ತದೆ. ವಿಶ್ರಾಂತಿ ಪಡೆದ ಪ್ರಾಣಿಯಲ್ಲಿ ಮರಣಾನಂತರ ಈ ದಾಸ್ತಾನು ಆಮ್ಲವಾಗಿ ಮಾರ್ಪಟ್ಟು, ಮಾಂಸದ ಪಿಎಚ್ ಮೌಲ್ಯ ಸುಮಾರು 7ರಿಂದ 5.5ರ ಆಸುಪಾಸಿಗೆ ಇಳಿಯುತ್ತದೆ. ಈ ಆಮ್ಲೀಯತೆಯೇ ಮಾಂಸವನ್ನು ಬೇಗ ಕೆಡದಂತೆ ಕಾಯುತ್ತದೆ. ದೀರ್ಘ ಪ್ರಯಾಣ, ಹಸಿವು, ಹೊಡೆತಗಳಿಂದ ದಾಸ್ತಾನು ಮೊದಲೇ ಬರಿದಾಗಿದ್ದರೆ ಪಿಎಚ್ 6ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮಾಂಸ ಕಪ್ಪಾಗಿ, ಗಡುಸಾಗಿ, ಬೇಗ ಹಳಸುತ್ತದೆ. ಹೀಗೆ ಪ್ರಾಣಿಯ ಸಂಕಟವು ಮಾರುವವರಿಗೂ ತಿನ್ನುವವರಿಗೂ ನಷ್ಟವನ್ನೇ ತರುತ್ತದೆ.

ಎಮ್ಮೆಯ ವಿಷಯದಲ್ಲಿ ಇನ್ನೊಂದು ಅಂಶವಿದೆ. ಅದರ ಚರ್ಮ ಕಪ್ಪು, ಬೆವರು ಗ್ರಂಥಿಗಳು ಹಸುವಿಗಿಂತ ಕಡಿಮೆ. ಕೆರೆಯ ನೀರಿನಲ್ಲಿ ಮುಳುಗಿ ತಣಿಯುವ ಪ್ರಾಣಿಯನ್ನು ತಗಡಿನ ಲಾರಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸುವುದು ತಾನಾಗಿಯೇ ಒಂದು ಹಿಂಸೆ.

ಜಾನುವಾರಿನ ಕಣ್ಣಿನಿಂದ ನೋಡಿದಾಗ

ಜಾನುವಾರುಗಳ ಕಣ್ಣು ತಲೆಯ ಪಕ್ಕಗಳಲ್ಲಿರುವುದರಿಂದ ಅವುಗಳಿಗೆ 300 ಡಿಗ್ರಿಗೂ ಮೀರಿದ ನೋಟವಿದೆ. ಆದರೆ ನೆಲದ ಆಳವನ್ನು ಅಂದಾಜಿಸುವ ಶಕ್ತಿ ಕಡಿಮೆ. ನೆರಳಿನ ಗೆರೆ, ಚರಂಡಿಯ ಜಾಲರಿ, ಹೊಳೆಯುವ ನೀರು, ತೂಗಾಡುವ ಸರಪಳಿ, ಇವೆಲ್ಲ ಅವಕ್ಕೆ ಹಳ್ಳದಂತೆಯೋ ಅಪಾಯದಂತೆಯೋ ಕಾಣುತ್ತವೆ. ಅಮೆರಿಕದ ಪ್ರಾಣಿ ವಿಜ್ಞಾನಿ ಟೆಂಪಲ್ ಗ್ರಾಂಡಿನ್ ಅವರು ಇದನ್ನೇ ಆಧಾರವಾಗಿಟ್ಟುಕೊಂಡು ಅಲ್ಲಿನ ವಧಾಗೃಹಗಳ ವಿನ್ಯಾಸವನ್ನು ಬದಲಿಸಿದರು. ಸಾಗಿಸುವಾಗ, ಬಂಧಿಸುವಾಗ ಎಷ್ಟು ಜಾನುವಾರುಗಳು ಕೂಗುತ್ತವೆ ಎಂಬುದನ್ನು ಎಣಿಸುವ ಸರಳ ಅಳತೆಯನ್ನೂ ಅವರು ರೂಢಿಗೆ ತಂದರು. ನೂರಕ್ಕೆ ಮೂರಕ್ಕಿಂತ ಹೆಚ್ಚು ಕೂಗಿದರೆ ಅಲ್ಲಿ ದೋಷವಿದೆ ಎಂದು ಅರ್ಥ. ಈ ಅಳತೆಗೆ ಯಂತ್ರ ಬೇಕಿಲ್ಲ. ಒಬ್ಬ ವ್ಯಕ್ತಿ ಮತ್ತು ಒಂದು ಪುಸ್ತಕ ಸಾಕು.

ಬಂಧಿಸುವ ರೀತಿಯೂ ಮುಖ್ಯ. ಜಾನುವಾರನ್ನು ಬೆನ್ನಡಿಯಾಗಿ ತಿರುಗಿಸುವ ಪಂಜರವನ್ನೂ ನಿಂತಂತೆಯೇ ಹಿಡಿಯುವ ಪಂಜರವನ್ನೂ ಹೋಲಿಸಿ 1990ರಲ್ಲಿ ಬ್ರಿಟನ್ನಿನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತಿರುಗಿಸಿದ ಜಾನುವಾರುಗಳಲ್ಲಿ ಕಾರ್ಟಿಸಾಲ್ ಹೆಚ್ಚಾಗಿತ್ತು. ಬಂಧನದ ಅವಧಿಯೂ ಹಲವು ಪಟ್ಟು ದೀರ್ಘವಾಗಿತ್ತು. ಕಾಲು ಕಟ್ಟಿ ಕೆಡಹುವ ನಮ್ಮಲ್ಲಿನ ರೂಢಿಯನ್ನು ಈ ಹಿನ್ನೆಲೆಯಲ್ಲಿ ಯೋಚಿಸಬೇಕಾಗಿದೆ.

ಕೊಯ್ಯುವ ಕ್ಷಣ

ಹಲಾಲ್ ವಿಧಾನದಲ್ಲಿ ಪ್ರಾಣಿ ಜೀವಂತವಾಗಿರಬೇಕು. ದೇವರ ನಾಮ ಹೇಳಿ, ಹರಿತವಾದ ಕತ್ತಿಯಿಂದ ಗಂಟಲು ಹಾಗೂ ಕತ್ತಿನ ಮುಖ್ಯ ರಕ್ತನಾಳಗಳನ್ನು ಕೊಯ್ದು ರಕ್ತ ಬಸಿಯಲು ಬಿಡಬೇಕು. ಕತ್ತಿಯನ್ನು ಮೊದಲೇ ಚೆನ್ನಾಗಿ ಮಸೆಯಬೇಕು, ಪ್ರಾಣಿಯ ಎದುರಿನಲ್ಲಿ ಮಸೆಯಬಾರದು, ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು, ಅದಕ್ಕೆ ಅನಗತ್ಯ ಸಂಕಟ ಕೊಡಬಾರದು ಎಂಬುದೂ ಇಸ್ಲಾಮಿನ ಬೋಧನೆಯಲ್ಲಿ ಸೇರಿದೆ. ಅಂದರೆ ಪ್ರಾಣಿಯ ಹಿತ ಎಂಬುದು ಹೊರಗಿನಿಂದ ಹೇರುವ ನಿಯಮವಲ್ಲ. ಆ ವಿಧಾನದ ಒಳಗೇ ಇರುವ ಕರ್ತವ್ಯ.

ಆದರೂ ಕುರಿಗೂ ದನದ ಜಾತಿಯ ಪ್ರಾಣಿಗೂ ಒಂದು ವ್ಯತ್ಯಾಸವಿದೆ. ನಮ್ಮ ಊರಿನ ನೀರು ಸರಬರಾಜನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದೇ ಪೈಪ್‌ಲೈನ್ ಇರುವ ಬಡಾವಣೆಯಲ್ಲಿ ವಾಲ್ವ್ ಮುಚ್ಚಿದೊಡನೆ ನಲ್ಲಿ ನಿಲ್ಲುತ್ತದೆ. ಎರಡನೆಯ ಪೈಪ್‌ಲೈನ್ ಇದ್ದಲ್ಲಿ ನೀರು ಇನ್ನೂ ಸ್ವಲ್ಪ ಹೊತ್ತು ಹರಿಯುತ್ತದೆ. ಕುರಿ, ಮೇಕೆಗಳ ಮೆದುಳಿಗೆ ರಕ್ತ ಬರುವುದು ಕತ್ತಿನ ಮುಂಭಾಗದ ಎರಡು ಧಮನಿಗಳಿಂದ. ಅವು ಕೊಯ್ದೊಡನೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ದನಗಳಲ್ಲಿ ಬೆನ್ನುಮೂಳೆಯ ಒಳಗಿನಿಂದ ಸಾಗುವ ಇನ್ನೊಂದು ಜೊತೆ ಧಮನಿಗಳೂ ಮೆದುಳಿಗೆ ರಕ್ತ ಒದಗಿಸುತ್ತವೆ. ಕತ್ತಿ ಅವನ್ನು ಮುಟ್ಟುವುದಿಲ್ಲ. ಹಲಾಲ್ ವಿಧಾನದಲ್ಲಿ ವಧಿಸಲಾದ 174 ದನಗಳನ್ನು ಗಮನಿಸಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವು ಕುಸಿದು ಬೀಳಲು ಸರಾಸರಿ 20 ಸೆಕೆಂಡು ಹಿಡಿಯಿತು. ನೂರರಲ್ಲಿ ಎಂಟು ದನಗಳಿಗೆ ಒಂದು ನಿಮಿಷ ಅಥವಾ ಅದಕ್ಕೂ ಹೆಚ್ಚು ಬೇಕಾಯಿತು. ಕೊಯ್ದ ಧಮನಿಯ ತುದಿ ಊದಿಕೊಂಡು ರಕ್ತದ ಹರಿವು ತಡೆಯಲ್ಪಡುವುದು ಇದಕ್ಕೆ ಒಂದು ಕಾರಣ. ಕುರಿಯ ಅನುಭವದಿಂದ ದೊಡ್ಡ ಜಾನುವಾರಿನ ಬಗ್ಗೆ ತೀರ್ಮಾನಿಸಲಾಗದು ಎಂಬುದು ಇದರಿಂದ ತಿಳಿಯುತ್ತದೆ.

ಈ ಅವಧಿಯನ್ನು ಇಲ್ಲವಾಗಿಸಲು ಕೊಯ್ಯುವ ಮೊದಲು ಮೂರ್ಛೆಗೊಳಿಸುವ ಕ್ರಮವಿದೆ. ನ್ಯೂಜಿಲೆಂಡಿನಲ್ಲಿ ತಲೆಗೆ ಮಾತ್ರ ವಿದ್ಯುತ್ ಹಾಯಿಸಿ ಮೂರ್ಛೆಗೊಳಿಸುತ್ತಾರೆ. ಕೊಯ್ಯದೆ ಬಿಟ್ಟರೆ ಪ್ರಾಣಿ ಎಚ್ಚೆತ್ತು ಎದ್ದು ನಿಲ್ಲುತ್ತದೆ. ಹೀಗೆ ಜೀವಕ್ಕೆ ಹಾನಿಯಾಗದ ಕಾರಣ ಅದನ್ನು ಹಲಾಲ್ ಎಂದು ಒಪ್ಪುವ ಧಾರ್ಮಿಕ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಅಧಿನಿಯಮದ 28ನೇ ಪ್ರಕರಣವು ಯಾವುದೇ ಸಮುದಾಯದ ಧರ್ಮ ವಿಧಿಸಿದ ರೀತಿಯಲ್ಲಿ ಪ್ರಾಣಿಯನ್ನು ಕೊಲ್ಲುವುದನ್ನು ಆ ಅಧಿನಿಯಮದಡಿ ಅಪರಾಧವೆಂದು ಪರಿಗಣಿಸುವುದಿಲ್ಲ. ಆದ್ದರಿಂದ ಇದು ಪಂಚಾಯಿತಿ ಸಭೆಯಲ್ಲಿ ತೀರ್ಮಾನವಾಗುವ ವಿಷಯವಲ್ಲ. ಆದರೆ 28ನೇ ಪ್ರಕರಣ ಹೇಳುವುದು ಕೊಲ್ಲುವ ರೀತಿಯನ್ನು ಮಾತ್ರ. ದಾರಿಯಲ್ಲಿ ಹೊಡೆಯುವುದಕ್ಕೆ, ನೀರು ಕೊಡದಿರುವುದಕ್ಕೆ, ಲಾರಿಯಲ್ಲಿ ತುರುಕುವುದಕ್ಕೆ ಅದು ರಕ್ಷಣೆ ನೀಡುವುದಿಲ್ಲ. ನಮ್ಮ ಹೊಣೆ ಇರುವುದು ಅಲ್ಲಿಯೇ.

ನಿಯಮಗಳಲ್ಲಿ ಏನಿದೆ

1978ರ ಪ್ರಾಣಿ ಸಾಗಣೆ ನಿಯಮಗಳಂತೆ ಒಂದು ಸರಕು ವಾಹನದಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ಸಾಗಿಸುವಂತಿಲ್ಲ. ಪ್ರಯಾಣಕ್ಕೆ ಯೋಗ್ಯವೆಂಬ ಪಶು ವೈದ್ಯರ ಪ್ರಮಾಣಪತ್ರ ಇರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು ಪ್ರತಿ ಎಮ್ಮೆಗೆ 2 ಚದರ ಮೀಟರ್, ಪ್ರತಿ ಕುರಿ ಅಥವಾ ಮೇಕೆಗೆ 0.3 ಚದರ ಮೀಟರ್ ಸ್ಥಳ ನಿಗದಿಪಡಿಸಿವೆ. 2001ರ ವಧಾಗೃಹ ನಿಯಮಗಳು ವಧೆಗೆ ಮುನ್ನ 24 ಗಂಟೆಗಳ ವಿಶ್ರಾಂತಿ, ವಿಶ್ರಾಂತಿ ಕೊಟ್ಟಿಗೆಯಲ್ಲಿ ದೊಡ್ಡ ಪ್ರಾಣಿಗೆ 2.8 ಹಾಗೂ ಸಣ್ಣ ಪ್ರಾಣಿಗೆ 1.6 ಚದರ ಮೀಟರ್ ಜಾಗ, ಪಶು ವೈದ್ಯರ ತಪಾಸಣೆ ಕಡ್ಡಾಯವೆನ್ನುತ್ತವೆ. ಇನ್ನೊಂದು ಪ್ರಾಣಿಯ ಕಣ್ಣೆದುರು ವಧಿಸಬಾರದು. ಗಬ್ಬದ ಪ್ರಾಣಿಯನ್ನೂ ಮೂರು ತಿಂಗಳೊಳಗಿನ ಮರಿ ಇರುವ ತಾಯಿಯನ್ನೂ ವಧಿಸಬಾರದು. ಈ ನಿಯಮಗಳು ಮುಖ್ಯವಾಗಿ ನಗರಗಳ ವಧಾಗೃಹಗಳನ್ನು ಗಮನದಲ್ಲಿಟ್ಟುಕೊಂಡು ರಚಿತವಾಗಿದ್ದರೂ ಗ್ರಾಮಗಳಿಗೂ ಅವೇ ಒಳ್ಳೆಯ ಮಾದರಿ.

ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

1. ಸಂತೆ ಆವರಣದಲ್ಲಿ ಜಾನುವಾರು ಹತ್ತಿಸುವ, ಇಳಿಸುವ ದಿಬ್ಬ ನಿರ್ಮಿಸುವುದು. ಇಳಿಜಾರು 20 ಡಿಗ್ರಿ ಮೀರಬಾರದು; ಅಂದರೆ ನಾಲ್ಕು ಅಡಿ ಎತ್ತರದ ಲಾರಿಗೆ ಕನಿಷ್ಠ ಹನ್ನೊಂದು ಅಡಿ ಉದ್ದ ಬೇಕು. ಕಾಂಕ್ರೀಟ್ ಆದರೆ ನಾಲ್ಕು ಅಂಗುಲ ಎತ್ತರ, ಒಂದು ಅಡಿ ಅಗಲದ ಮೆಟ್ಟಿಲು ಮಾಡಿ, ಮೇಲ್ಮೈಯನ್ನು ಒರಟಾಗಿ ಬಿಡಬೇಕು.

2. ನೆರಳಿನ ಚಪ್ಪರ ಮತ್ತು ಸದಾ ನೀರಿರುವ ತೊಟ್ಟಿ ಒದಗಿಸುವುದು.

3. ಸಂತೆಯ ಹರಾಜು ಷರತ್ತುಗಳಲ್ಲಿಯೇ ಬಾಲ ತಿರುಚುವುದು, ಮುಳ್ಳುಗೋಲು ಬಳಸುವುದು, ಹೆಚ್ಚುವರಿ ಜಾನುವಾರು ತುಂಬುವುದನ್ನು ನಿಷೇಧಿಸಿ ದಾಖಲಿಸುವುದು.

4. ಸಂತೆಯ ದಿನ ಪಶು ವೈದ್ಯಾಧಿಕಾರಿಗಳು ಸ್ಥಳದಲ್ಲಿರುವಂತೆ ಪಶುಪಾಲನಾ ಇಲಾಖೆಗೆ ಮುಂಚಿತವಾಗಿ ಪತ್ರ ಬರೆಯುವುದು.

5. ಹಬ್ಬಕ್ಕೆ ಒಂದು ತಿಂಗಳ ಮುಂಚೆ ಮಸೀದಿ ಸಮಿತಿಯವರು, ಮಾಂಸ ವ್ಯಾಪಾರಿಗಳು, ಪಶು ವೈದ್ಯಾಧಿಕಾರಿಗಳು ಮತ್ತು ಪೊಲೀಸರೊಡನೆ ಸಭೆ ನಡೆಸಿ, ನಿಗದಿತ ಸ್ಥಳ, ಮರೆ, ವಿಶ್ರಾಂತಿ, ತ್ಯಾಜ್ಯ ವಿಲೇವಾರಿ ಕುರಿತು ಒಪ್ಪಂದಕ್ಕೆ ಬರುವುದು.

6. ನಿಯಮ ಉಲ್ಲಂಘನೆ ಕಂಡುಬಂದಲ್ಲಿ ಪೊಲೀಸರಿಗೆ ತಿಳಿಸುವುದು. ಸದಸ್ಯರಾಗಲಿ ಗ್ರಾಮಸ್ಥರಾಗಲಿ ವಾಹನ ತಡೆದು ತಾವೇ ಶಿಕ್ಷಿಸಲು ಮುಂದಾಗಬಾರದು.

ಈ ಕ್ರಮಗಳು ಒಂದು ಸಮುದಾಯವನ್ನು ಗುರಿಯಾಗಿಸಿಕೊಂಡವಲ್ಲ. ಎಮ್ಮೆಯನ್ನು ಸಾಕಿ ಮಾರುವವರು, ಕೊಳ್ಳುವವರು, ಸಾಗಿಸುವವರು, ಕೊಯ್ಯುವವರು ಬೇರೆ ಬೇರೆ ಮನೆಗಳವರು; ಸಂತೆಯ ಮೈದಾನ ಮಾತ್ರ ಪಂಚಾಯಿತಿಯದು. ಪ್ರಾಣಿಯ ಕೊನೆಯ ಕೆಲವು ಸೆಕೆಂಡುಗಳನ್ನು ಕುರಿತು ನಾವು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಅದಕ್ಕೂ ಮುಂಚಿನ ಒಂದೆರಡು ದಿನಗಳ ಹಸಿವು, ಬಾಯಾರಿಕೆ, ಏಟು ಮತ್ತು ಭಯ ನಮ್ಮ ಕೈಯಳತೆಯಲ್ಲಿಯೇ ಇವೆ.

ನಮ್ಮ ಪಂಚಾಯಿತಿಯಲ್ಲಿ ಆ ದಿಬ್ಬವನ್ನು ಮರುವರ್ಷ ಸ್ವಂತ ಸಂಪನ್ಮೂಲದಿಂದಲೇ ಕಟ್ಟಲಾಯಿತು. ಸುತ್ತುಗೋಡೆಯ ವೆಚ್ಚಕ್ಕೆ ಹೋಲಿಸಿದರೆ ಅದು ಅತ್ಯಲ್ಪ. ಸಂತೆಯ ದಿನ ಈಗಲೂ ಕೆಲವು ಎಮ್ಮೆಗಳು ಅದರ ಬುಡದಲ್ಲಿ ನಿಂತು ನೆಲ ಮೂಸುತ್ತವೆ. ಅರ್ಧ ನಿಮಿಷ ಕಾದರೆ ಹೆಚ್ಚಿನವು ತಾವಾಗಿಯೇ ಹತ್ತುತ್ತವೆ. ಮಾನ್ಯ ಸದಸ್ಯರು ತಮ್ಮ ವ್ಯಾಪ್ತಿಯ ಸಂತೆ ಮೈದಾನಕ್ಕೆ ಒಮ್ಮೆ ಭೇಟಿ ನೀಡಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಮಂಡಿಸಿ, ಠರಾವಿನ ಮೂಲಕ ಕ್ರಿಯಾ ಯೋಜನೆಯಲ್ಲಿ ಸೇರಿಸಬೇಕೆಂದು ಕೋರಲಾಗಿದೆ.