ಎಲ್ವಿಸ್‌ಗಿಂತ ಮೊದಲು ಒಬ್ಬರಿದ್ದರು

ಅಮೆರಿಕದ ರಾಕ್ ಸಂಗೀತ ಎಂದರೆ ನಮ್ಮ ತರಗತಿಯಲ್ಲಿ ಎಲ್ಲರೂ ಎಲ್ವಿಸ್ ಪ್ರೀಸ್ಲಿ ಎನ್ನುತ್ತಾರೆ. ನಾನು ಸಿಸ್ಟರ್ ರೊಸೆಟ್ಟಾ ಥಾರ್ಪ್ ಎನ್ನುತ್ತೇನೆ.

1915ರಲ್ಲಿ ಅರ್ಕಾನ್ಸಾ ರಾಜ್ಯದಲ್ಲಿ ಹುಟ್ಟಿದ ಈ ಕಪ್ಪು ಮಹಿಳೆ ಚಿಕ್ಕಂದಿನಲ್ಲೇ ತಾಯಿಯ ಜೊತೆ ಊರೂರು ತಿರುಗಿ ಚರ್ಚುಗಳಲ್ಲಿ ಗಿಟಾರ್ ನುಡಿಸಿ ಹಾಡುತ್ತಿದ್ದರು. 1938ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ಹಾಡಿದರು. ದೇವರ ಹಾಡನ್ನು ನೈಟ್ ಕ್ಲಬ್ಬಿಗೆ ಒಯ್ದರೆಂದು ಚರ್ಚಿನ ಹಲವರಿಗೆ ಸಿಟ್ಟು ಬಂತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ದರ್ಗಾದ ಕವ್ವಾಲಿಯನ್ನು ಶಾದಿ ಮಹಲಿನಲ್ಲಿ ಹಾಡಿದರೆ ನಮ್ಮ ದಾದಿಯೂ ಮುಖ ಸಿಂಡರಿಸುತ್ತಾರೆ. ಆದರೆ ಥಾರ್ಪ್ ಎರಡು ಕಡೆಯೂ ಹಾಡಿದರು.

ಹಾಡಿನ ಮಾತಿಗೆ ಉತ್ತರ ಕೊಡುವಂತೆ ಅವರು ಎಲೆಕ್ಟ್ರಿಕ್ ಗಿಟಾರ್ ಮೀಟುತ್ತಿದ್ದರು. ಮುಂದೆ ಚಕ್ ಬೆರಿಯ ಗಿಟಾರಿನಲ್ಲೂ ಅದೇ ರೀತಿ ಕೇಳುತ್ತದೆ. 1947ರಲ್ಲಿ ಜಾರ್ಜಿಯಾದ ಮೇಕನ್ ಊರಿನಲ್ಲಿ ಒಬ್ಬ ಹುಡುಗ ತಮ್ಮ ಹಾಡು ಹಾಡುವುದನ್ನು ಕೇಳಿ, ಅವನನ್ನು ವೇದಿಕೆ ಹತ್ತಿಸಿದರು, ಕೈಗೆ ದುಡ್ಡನ್ನೂ ಕೊಟ್ಟರು. (ಕಾಮರ್ಸ್‌ನವನಾದ ನನಗೆ ಇದೇ ಹೆಚ್ಚು ಇಷ್ಟ.) ಆ ಹುಡುಗನೇ ಲಿಟಲ್ ರಿಚರ್ಡ್.

1973ರಲ್ಲಿ ಥಾರ್ಪ್ ತೀರಿಕೊಂಡರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಗೌರವಪಟ್ಟಿಗೆ ಎಲ್ವಿಸ್, ಬೆರಿ, ರಿಚರ್ಡ್ ಮೂವರೂ 1986ರಲ್ಲೇ ಸೇರಿದರು. ಥಾರ್ಪ್ ಸೇರಿದ್ದು 2018ರಲ್ಲಿ.