ಮೈಸೂರು ವಾರಿಯರ್ಸ್

ಮೈಸೂರು ವಾರಿಯರ್ಸ್ ಮೈಸೂರು ನಗರವನ್ನು ಕೇಂದ್ರವಾಗಿ ಹೊಂದಿರುವ ವೃತ್ತಿಪರ ಟ್ವೆಂಟಿ-20 ಕ್ರಿಕೆಟ್ ತಂಡ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ (ಕೆ.ಎಸ್.ಸಿ.ಎ.) ನಡೆಸುವ ಮಹಾರಾಜ ಟ್ರೋಫಿ ಪಂದ್ಯಾವಳಿಯಲ್ಲಿ ಇದು ಆಡುತ್ತದೆ. ಅದಕ್ಕೂ ಮೊದಲು ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ (ಕೆ.ಪಿ.ಎಲ್.) ಆಡುತ್ತಿತ್ತು. 2014ರಲ್ಲಿ ಕೆ.ಪಿ.ಎಲ್. ಪ್ರಶಸ್ತಿಯನ್ನೂ 2024ರಲ್ಲಿ ಮಹಾರಾಜ ಟ್ರೋಫಿಯನ್ನೂ ಗೆದ್ದಿದೆ. ಸೈಕಲ್ ಪ್ಯೂರ್ ಅಗರಬತ್ತಿಯ ತಯಾರಕರಾದ ಮೈಸೂರಿನ ಎನ್. ರಂಗರಾವ್ ಅಂಡ್ ಸನ್ಸ್ ಸಂಸ್ಥೆಯ ಎನ್.ಆರ್. ಸಮೂಹವು ತಂಡದ ಒಡೆತನ ಹೊಂದಿದೆ.

ಪ್ರಾದೇಶಿಕ ವ್ಯಾಪ್ತಿ

ತಂಡದ ಹೆಸರಿನಲ್ಲಿರುವುದು ಒಂದು ನಗರವಾದರೂ ಅದು ಪ್ರತಿನಿಧಿಸುವುದು ಕೆ.ಎಸ್.ಸಿ.ಎ.ಯ ಮೈಸೂರು ವಲಯವನ್ನು. ಮಂಡ್ಯ ಜಿಲ್ಲೆಯೂ ಈ ವಲಯಕ್ಕೆ ಸೇರುತ್ತದೆ. ಆದ್ದರಿಂದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಕ್ರಿಕೆಟ್ ಪ್ರಿಯರಿಗೆ ಊರಿನ ತಂಡವೆಂದು ಹೇಳಿಕೊಳ್ಳಲು ಇರುವುದು ಇದೊಂದೇ. ಮಂಡ್ಯದ ಹೆಸರಿನ ತಂಡ ಮಹಾರಾಜ ಟ್ರೋಫಿಯಲ್ಲಿಲ್ಲ.

ಈ ಹೊಂದಾಣಿಕೆಗೆ ಇತಿಹಾಸದ ಹಿನ್ನೆಲೆಯೂ ಇದೆ. ಶ್ರೀರಂಗಪಟ್ಟಣವು 1799ರವರೆಗೆ ಮೈಸೂರು ರಾಜ್ಯದ ರಾಜಧಾನಿಯಾಗಿತ್ತು. ಮಂಡ್ಯವು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ರಾಜ್ಯದ ಕ್ರಿಕೆಟ್ ಸಂಸ್ಥೆಯೂ 1933ರಲ್ಲಿ ಮೈಸೂರು ಹೆಸರಿನಲ್ಲೇ ಆರಂಭವಾಯಿತು. 1973ರಲ್ಲಿ ರಾಜ್ಯದ ಹೆಸರು ಬದಲಾಗುವವರೆಗೂ ರಣಜಿ ಟ್ರೋಫಿಯಲ್ಲಿ ಇಡೀ ರಾಜ್ಯದ ತಂಡ ಮೈಸೂರು ಎಂದೇ ಕರೆಸಿಕೊಳ್ಳುತ್ತಿತ್ತು. ಕರ್ನಾಟಕ ಎಂಬ ಹೆಸರಿನಲ್ಲಿ ಆಡಿದ 1973–74ರ ಋತುವಿನಲ್ಲೇ ಆ ತಂಡ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು.

ಆದರೆ ವಲಯದ ತಂಡ ಎಂದ ಮಾತ್ರಕ್ಕೆ ಆಟಗಾರರೆಲ್ಲರೂ ವಲಯದವರೇ ಆಗಿರುವುದಿಲ್ಲ. ರಾಜ್ಯದಾದ್ಯಂತ ನೋಂದಾಯಿತರಾದ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವುದು ಈಗಿನ ಕ್ರಮ. ಜೊತೆಗೆ ಸ್ವಂತ ವಲಯದ ಆಟಗಾರರಿಗೂ ತಂಡದಲ್ಲಿ ಸ್ಥಾನ ಕೊಡಬೇಕು. ಮೈಸೂರಿನವರೇ ಆದ ಎಡಗೈ ಸ್ಪಿನ್ನರ್ ಜೆ. ಸುಚಿತ್ ಈ ತಂಡದಲ್ಲಿ ಆಡಿದ ಸ್ಥಳೀಯರಲ್ಲಿ ಪ್ರಮುಖರು. ತಾಲ್ಲೂಕು ಮಟ್ಟದ ಹುಡುಗನೊಬ್ಬ ಹರಾಜಿನ ಪಟ್ಟಿಗೆ ಬರಬೇಕಾದರೆ ಮೊದಲು ನೋಂದಾಯಿತ ಕ್ಲಬ್ ಸೇರಿ, ವಲಯದ ಲೀಗ್ ಮತ್ತು ವಯೋಮಿತಿಯ ಅಂತರವಲಯ ಪಂದ್ಯಗಳಲ್ಲಿ ಆಯ್ಕೆದಾರರ ಗಮನ ಸೆಳೆಯಬೇಕು. ಶ್ರೀರಂಗಪಟ್ಟಣ ಮತ್ತು ಪಾಂಡವಪುರದವರಿಗೆ ಮೈಸೂರಿನ ಅಭ್ಯಾಸಕ್ಕೆ ರೈಲಿನ ಅನುಕೂಲವಿದೆ. ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ಪಟ್ಟಣಗಳಿಂದ ಬಸ್ಸನ್ನೇ ನಂಬಬೇಕು. ಕ್ರಿಕೆಟ್‌ನ ಚರ್ಚೆಗಳಲ್ಲಿ ಈ ಅಂತರ ಅಷ್ಟಾಗಿ ಪ್ರಸ್ತಾಪವಾಗುವುದಿಲ್ಲ. ಪ್ರತಿದಿನ ಬೆಳಿಗ್ಗೆ ನೆಟ್ ಅಭ್ಯಾಸಕ್ಕೆ ಹಾಜರಾಗಬೇಕಾದವನಿಗೆ ಅದು ಸಣ್ಣ ವಿಷಯವಲ್ಲ.

ಕರ್ನಾಟಕ ಪ್ರೀಮಿಯರ್ ಲೀಗ್

2008ರಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್ ಆರಂಭವಾದ ಮರುವರ್ಷವೇ ಕೆ.ಎಸ್.ಸಿ.ಎ. ಎಂಟು ತಂಡಗಳ ಕೆ.ಪಿ.ಎಲ್. ಅನ್ನು ಪ್ರಾರಂಭಿಸಿತು. ಆಗ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಮೈಸೂರು ರಾಜವಂಶದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್. ಮೊದಲ ಎರಡು ಆವೃತ್ತಿಗಳಲ್ಲಿ ಮೈಸೂರನ್ನು ಪ್ರತಿನಿಧಿಸಿದ್ದು ಮೈಸೂರು ಮಹಾರಾಜಾಸ್ ಎಂಬ ತಂಡ. 2011ರಿಂದ 2013ರವರೆಗೆ ಪಂದ್ಯಾವಳಿ ನಡೆಯಲಿಲ್ಲ.

2014ರಲ್ಲಿ ಲೀಗ್ ಪುನರಾರಂಭವಾದಾಗ ಮೈಸೂರಿನ ತಂಡವು ವಾರಿಯರ್ಸ್ ಎಂಬ ಹೊಸ ಹೆಸರಿನಲ್ಲಿ ಕಣಕ್ಕಿಳಿಯಿತು. ಅದೇ ವರ್ಷ ಫೈನಲ್‌ನಲ್ಲಿ ಬೆಳಗಾವಿ ಪ್ಯಾಂಥರ್ಸ್ ತಂಡವನ್ನು ಸೋಲಿಸಿ ಪ್ರಶಸ್ತಿ ಗಳಿಸಿತು. ಮುಂದಿನ ಐದು ವರ್ಷಗಳಲ್ಲಿ ಬಿಜಾಪುರ ಬುಲ್ಸ್ (2015, 2018), ಬಳ್ಳಾರಿ ಟಸ್ಕರ್ಸ್ (2016), ಬೆಳಗಾವಿ ಪ್ಯಾಂಥರ್ಸ್ (2017) ಮತ್ತು ಹುಬ್ಬಳ್ಳಿ ಟೈಗರ್ಸ್ (2019) ಚಾಂಪಿಯನ್ ಆದವು. ಮೈಸೂರು ಒಮ್ಮೆಯೂ ಫೈನಲ್ ತಲುಪಲಿಲ್ಲ.

2019ರ ಆವೃತ್ತಿಯ ನಂತರ ಪಂದ್ಯಗಳ ಮೋಸದಾಟದ ಆರೋಪಗಳು ಹೊರಬಂದವು. ಬೆಂಗಳೂರು ಪೊಲೀಸರು ಬೇರೆ ತಂಡಗಳಿಗೆ ಸಂಬಂಧಿಸಿದ ಆಟಗಾರರನ್ನೂ ಒಬ್ಬ ತಂಡದ ಮಾಲೀಕರನ್ನೂ ಬಂಧಿಸಿದರು. ಮೋಸದಾಟವು ಭಾರತೀಯ ದಂಡ ಸಂಹಿತೆಯ ವಂಚನೆಯ ಕಲಮಿನಡಿ ಬರುವುದಿಲ್ಲವೆಂಬ ಕಾರಣದಿಂದ ಕರ್ನಾಟಕ ಹೈಕೋರ್ಟ್ 2022ರ ಜನವರಿಯಲ್ಲಿ ಕೆಲವರ ಮೇಲಿನ ಮೊಕದ್ದಮೆಯನ್ನು ರದ್ದುಪಡಿಸಿತು. ಲೀಗ್ ಮಾತ್ರ ಆ ಹೆಸರಿನಲ್ಲಿ ಮತ್ತೆ ನಡೆಯಲಿಲ್ಲ. ತಮ್ಮದಲ್ಲದ ತಪ್ಪಿಗೆ ಉಳಿದ ತಂಡಗಳ ಯುವ ಆಟಗಾರರೂ ಎರಡು ವರ್ಷ ಈ ವೇದಿಕೆಯನ್ನು ಕಳೆದುಕೊಂಡರು. ಕೋವಿಡ್ ಸಾಂಕ್ರಾಮಿಕವೂ ಅದೇ ಅವಧಿಯಲ್ಲಿ ಬಂದೆರಗಿತು.

ಮಹಾರಾಜ ಟ್ರೋಫಿ

2013ರ ಡಿಸೆಂಬರ್‌ನಲ್ಲಿ ಕೆ.ಎಸ್.ಸಿ.ಎ. ಅಧ್ಯಕ್ಷರಾಗಿ ಮತ್ತೆ ಚುನಾಯಿತರಾದ ಕೆಲವೇ ದಿನಗಳಲ್ಲಿ ಒಡೆಯರ್ ನಿಧನರಾದರು. 2022ರ ಆಗಸ್ಟ್‌ನಲ್ಲಿ ಅವರ ಸ್ಮರಣಾರ್ಥ ಆರು ತಂಡಗಳ ಮಹಾರಾಜ ಟ್ರೋಫಿ ಆರಂಭವಾಯಿತು. ಮೊದಲ ಆವೃತ್ತಿಯನ್ನು ಗೆದ್ದದ್ದು ಮನೀಷ್ ಪಾಂಡೆ ನಾಯಕತ್ವದ ಗುಲ್ಬರ್ಗ ಮಿಸ್ಟಿಕ್ಸ್.

2023ರಲ್ಲಿ ಕರುಣ್ ನಾಯರ್ ನಾಯಕತ್ವದ ಮೈಸೂರು ಫೈನಲ್ ತಲುಪಿತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹುಬ್ಬಳ್ಳಿ ಟೈಗರ್ಸ್ 8 ವಿಕೆಟ್‌ಗೆ 203 ರನ್ ಗಳಿಸಿತು. ಆರ್. ಸಮರ್ಥ್ ಅರ್ಧಶತಕ ಬಾರಿಸಿದರೂ ಮೈಸೂರು 195ಕ್ಕೆ ನಿಂತು, 8 ರನ್‌ಗಳಿಂದ ಸೋತಿತು. ಎದುರಾಳಿಗಳ ನಾಯಕ ಮತ್ತೆ ಪಾಂಡೆಯೇ.

ಮರುವರ್ಷ ತಂಡ ಆ ಸೋಲಿನ ಲೆಕ್ಕ ತೀರಿಸಿತು. 2024ರ ಸೆಪ್ಟೆಂಬರ್ 1ರಂದು ಅದೇ ಮೈದಾನದಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ವಿರುದ್ಧ ಮೊದಲು ಬ್ಯಾಟ್ ಮಾಡಿದ ಮೈಸೂರು 4 ವಿಕೆಟ್‌ಗೆ 207 ರನ್ ಪೇರಿಸಿತು. ಎಸ್.ಯು. ಕಾರ್ತಿಕ್ 71, ನಾಯಕ ನಾಯರ್ 66 ರನ್ ಹೊಡೆದರು. ಕೊನೆಯಲ್ಲಿ ರಾಯಚೂರಿನ ಮನೋಜ್ ಭಾಂಡಗೆ ಕೇವಲ 13 ಎಸೆತಗಳಲ್ಲಿ ಔಟಾಗದೆ 44 ರನ್ ಸಿಡಿಸಿದರು. ಬ್ಲಾಸ್ಟರ್ಸ್ 8 ವಿಕೆಟ್‌ಗೆ 162 ರನ್ ಗಳಿಸಲಷ್ಟೇ ಶಕ್ತವಾಗಿ, ಮೈಸೂರು 45 ರನ್‌ಗಳಿಂದ ಗೆದ್ದಿತು.

ಕರುಣ್ ನಾಯರ್ ಅವರ ಮರಳುವಿಕೆ

ಈ ತಂಡದ ಇತಿಹಾಸದಲ್ಲಿ ಅತಿ ಹೆಚ್ಚು ಗಮನ ಸೆಳೆದ ಅಧ್ಯಾಯ ನಾಯರ್ ಅವರದು. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ರನ್ ಗಳಿಸಿ, ವೀರೇಂದ್ರ ಸೆಹ್ವಾಗ್ ಬಳಿಕ ಟೆಸ್ಟ್ ತ್ರಿಶತಕ ಬಾರಿಸಿದ ಎರಡನೆಯ ಭಾರತೀಯರಾಗಿದ್ದರು. ಮರುವರ್ಷವೇ ಭಾರತ ತಂಡದಿಂದ ಹೊರಬಿದ್ದರು. 2022ರ ಹೊತ್ತಿಗೆ ಕರ್ನಾಟಕ ತಂಡದಲ್ಲೂ ಅವರಿಗೆ ಸ್ಥಾನ ಇಲ್ಲವಾಯಿತು. 2023ರಲ್ಲಿ ರಣಜಿ ಆಡಲು ವಿದರ್ಭಕ್ಕೆ ವಲಸೆ ಹೋದರು.

ತವರು ರಾಜ್ಯದ ತಂಡಕ್ಕೆ ಬೇಡವಾದ ಆಟಗಾರನಿಗೆ ತವರು ರಾಜ್ಯದ ಲೀಗ್‌ನಲ್ಲಿ ನಾಯಕನ ಸ್ಥಾನವಿತ್ತು ಎಂಬುದು ಗಮನಾರ್ಹ. ಮೈಸೂರು ಪರ 2023ರಲ್ಲಿ 532, 2024ರಲ್ಲಿ 560 ರನ್ ಗಳಿಸಿದರು. ಮಂಗಳೂರು ಡ್ರ್ಯಾಗನ್ಸ್ ವಿರುದ್ಧ 48 ಎಸೆತಗಳಲ್ಲಿ ಹೊಡೆದ ಅಜೇಯ 124 ಇದರಲ್ಲಿ ಸೇರಿದೆ. ಬಳಿಕ 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ವಿದರ್ಭ ಪರ 389.50ರ ಸರಾಸರಿಯಲ್ಲಿ 779 ರನ್ ಕಲೆಹಾಕಿ, 2025ರ ಜೂನ್‌ನಲ್ಲಿ ಇಂಗ್ಲೆಂಡ್ ಪ್ರವಾಸದ ಭಾರತ ಟೆಸ್ಟ್ ತಂಡಕ್ಕೆ ಮರಳಿದರು. ಇಂತಹ ಪುನರಾಗಮನಕ್ಕೆ ಹಲವು ಕಾರಣಗಳಿರುತ್ತವೆ. ಆದರೂ ಅವಕಾಶಗಳು ಕಡಿಮೆಯಿದ್ದ ವರ್ಷಗಳಲ್ಲಿ ಸತತವಾಗಿ ಪಂದ್ಯಗಳನ್ನು ಒದಗಿಸಿದ ತಂಡಗಳಲ್ಲಿ ಮೈಸೂರು ವಾರಿಯರ್ಸ್ ಒಂದು.

ಹರಾಜು ಮತ್ತು ಆಟಗಾರರು

ಐ.ಪಿ.ಎಲ್.ನ ಕೋಟಿಗಳ ಎದುರು ಈ ಲೀಗ್‌ನ ಮೊತ್ತಗಳು ಸಣ್ಣವು. 2024ರ ಐ.ಪಿ.ಎಲ್. ಹರಾಜಿನಲ್ಲಿ ಮಿಚೆಲ್ ಸ್ಟಾರ್ಕ್ ಅವರ ಬೆಲೆ 24.75 ಕೋಟಿ ರೂಪಾಯಿ. ಅದೇ ವರ್ಷ ಭಾರತ ತಂಡದ ಪರ ಆಡಿದ್ದ ಆಫ್ ಸ್ಪಿನ್ನರ್ ಕೆ. ಗೌತಮ್ ಅವರನ್ನು ಮೈಸೂರು 7.4 ಲಕ್ಷ ರೂಪಾಯಿಗೆ, ಗಾಯದಿಂದ ಚೇತರಿಸಿಕೊಳ್ಳುತ್ತಿದ್ದ ವೇಗಿ ಪ್ರಸಿದ್ಧ ಕೃಷ್ಣ ಅವರನ್ನು 1 ಲಕ್ಷಕ್ಕೆ ಕೊಂಡಿತು. ಮಾಜಿ ನಾಯಕ ರಾಹುಲ್ ದ್ರಾವಿಡ್ ಅವರ ಪುತ್ರ ಸಮಿತ್ 50 ಸಾವಿರ ರೂಪಾಯಿಗೆ ತಂಡ ಸೇರಿದರು. 2025ರಲ್ಲಿ 12.2 ಲಕ್ಷಕ್ಕೆ ಬಂದವರು, ಎರಡು ವರ್ಷ ಹಿಂದೆ ಫೈನಲ್‌ನಲ್ಲಿ ಮೈಸೂರನ್ನು ಸೋಲಿಸಿದ್ದ ಮನೀಷ್ ಪಾಂಡೆ. ಆ ವರ್ಷ ತಂಡದ ನಾಯಕರೂ ಅವರೇ.

ತವರು ಮೈದಾನ

ಮಾನಸಗಂಗೋತ್ರಿಯ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಕ್ರೀಡಾಂಗಣ ಮೈಸೂರಿನ ಪ್ರಮುಖ ಕ್ರಿಕೆಟ್ ಮೈದಾನ. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಸುಮಾರು 15 ಕಿಲೋಮೀಟರ್ ದೂರ. ಹಿಂದೆ ಗಂಗೋತ್ರಿ ಗ್ಲೇಡ್ಸ್ ಎಂದು ಹೆಸರಾಗಿದ್ದ ಈ ಮೈದಾನದಲ್ಲಿ 2010ರ ಜನವರಿಯಲ್ಲಿ ರಣಜಿ ಫೈನಲ್ ನಡೆಯಿತು. ಮುಂಬೈ ವಿರುದ್ಧ 338 ರನ್‌ಗಳ ಗುರಿ ಬೆನ್ನಟ್ಟಿದ ಕರ್ನಾಟಕ 331ಕ್ಕೆ ಆಲೌಟಾಗಿ, 6 ರನ್‌ಗಳಿಂದ ಸೋತಿತು. ಆ ಇನಿಂಗ್ಸ್‌ನಲ್ಲಿ 144 ರನ್ ಗಳಿಸಿದ್ದವರು ಪಾಂಡೆ.

ಮಹಾರಾಜ ಟ್ರೋಫಿಯ ಫೈನಲ್‌ಗಳು ಮೊದಲ ವರ್ಷಗಳಲ್ಲಿ ಬೆಂಗಳೂರಿನಲ್ಲೇ ನಡೆದವು. 2024ರಲ್ಲಂತೂ ಎಲ್ಲ ಪಂದ್ಯಗಳೂ ಚಿನ್ನಸ್ವಾಮಿಯಲ್ಲಿ ನಡೆದುದರಿಂದ ತಂಡ ಪ್ರಶಸ್ತಿ ಗೆದ್ದ ಆ ಋತುವಿನ ಒಂದು ಪಂದ್ಯವೂ ಅದರ ಸ್ವಂತ ಊರಿನಲ್ಲಿ ಇರಲಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸಂಭವಿಸಿದ ಕಾಲ್ತುಳಿತದಲ್ಲಿ 11 ಮಂದಿ ಸಾವಿಗೀಡಾದರು. ಅದರ ನಂತರ ಆ ವರ್ಷದ ಪಂದ್ಯಾವಳಿ ಮೈಸೂರಿಗೆ ಸ್ಥಳಾಂತರಗೊಂಡಿತು. ವಾರಿಯರ್ಸ್ ಫೈನಲ್ ತಲುಪಲಿಲ್ಲ. ಮಂಗಳೂರು ಡ್ರ್ಯಾಗನ್ಸ್ ತಂಡವು ಹುಬ್ಬಳ್ಳಿ ಟೈಗರ್ಸ್ ತಂಡವನ್ನು ಮಣಿಸಿ ಟ್ರೋಫಿ ಪಡೆಯಿತು.